ಹೆಸರು ಹಿಡಿದು ಬೇಡುವುದು: ಲೋಕದ ಮೆನ್ನೊನೈಟ್ ಸಭೆಗಳಿಗಾಗಿ ಪ್ರಾರ್ಥಿಸುವ ಕ್ರಮ

ಭಾನುವಾರದ ಆರಾಧನೆಯಲ್ಲಿ ಮಧ್ಯಸ್ಥ ಪ್ರಾರ್ಥನೆಗೆ ನಿಂತವರು ರೋಗಿಗಳು, ಪರೀಕ್ಷೆ ಬರೆಯುವ ಮಕ್ಕಳು, ಮಳೆ, ಸರ್ಕಾರ ಎಂದು ಒಂದೊಂದನ್ನೇ ಹೇಳುತ್ತ ಬಂದು, ಕೊನೆಗೆ “ಲೋಕದ ಎಲ್ಲಾ ಸಭೆಗಳನ್ನೂ ಆಶೀರ್ವದಿಸು ಕರ್ತನೇ” ಎಂಬ ಒಂದೇ ವಾಕ್ಯದಲ್ಲಿ ಭೂಮಂಡಲವನ್ನೆಲ್ಲ ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಅದರಲ್ಲಿ ತಪ್ಪೇನಿಲ್ಲ, ದೇವರಿಗೆ ವಿಳಾಸ ಗೊತ್ತಿದೆ. ಆದರೆ ಬೇಡುವವರಿಗೇ ವಿಳಾಸ ಗೊತ್ತಿಲ್ಲದಿದ್ದಾಗ ಮಾತು ಮುಂದೆ ಹೋಗಿ ಮನಸ್ಸು ಹಿಂದೆ ಉಳಿಯುತ್ತದೆ. ದೂರದ ಒಂದು ಸಭೆಗಾಗಿ ಮನಸ್ಸಿಟ್ಟು ಪ್ರಾರ್ಥಿಸಬೇಕು ಎಂದುಕೊಂಡವರಿಗೆ, ಮೆನ್ನೊನೈಟ್ ಸಭೆಗಳನ್ನೇ ಎದುರಿಗಿಟ್ಟುಕೊಂಡು, ಒಂದು ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಬ್ಬರೇ ಕುಳಿತು ಮಾಡಬಹುದು. ಐದಾರು ಮಂದಿಯ ಮನೆಕೂಟದಲ್ಲಾದರೆ ಇನ್ನೂ ಒಳ್ಳೆಯದು.

ಮೊದಲ ಹೆಜ್ಜೆ: ಯಾರಿಗಾಗಿ ಬೇಡುತ್ತಿದ್ದೇವೆ ಎಂದು ತಿಳಿದುಕೊಳ್ಳಿ

ಮೆನ್ನೊನೈಟರು ಎಂದರೆ ಕುದುರೆಗಾಡಿ, ಕಪ್ಪು ಟೋಪಿ, ಉದ್ದ ಗಡ್ಡ ಎಂಬ ಚಿತ್ರ ಹಲವರ ತಲೆಯಲ್ಲಿದೆ. ಅಮೆರಿಕದ ಕೆಲವು ಹಳೆಯ ಪಂಗಡಗಳ ಮಟ್ಟಿಗೆ ಅದು ನಿಜ, ಉಳಿದವರ ಮಟ್ಟಿಗೆ ಅಲ್ಲ. 1525ರ ಜನವರಿ 21ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಒಂದು ಮನೆಯಲ್ಲಿ ಸೇರಿದ್ದ ಕೆಲವರು, ತಿಳಿವಳಿಕೆ ಬಂದ ಮೇಲೆ ಸ್ವಂತ ವಿಶ್ವಾಸದಿಂದ ಪಡೆಯುವುದೇ ದೀಕ್ಷಾಸ್ನಾನ ಎಂದು ಒಬ್ಬರಿಗೊಬ್ಬರು ಅದನ್ನು ಕೊಟ್ಟುಕೊಂಡರು. ಅವರಲ್ಲೊಬ್ಬರಾದ ಫೆಲಿಕ್ಸ್ ಮಾಂಜ್ ಅವರನ್ನು ಎರಡೇ ವರ್ಷದಲ್ಲಿ, 1527ರ ಜನವರಿಯಲ್ಲಿ, ಅದೇ ನಗರದ ಅಧಿಕಾರಿಗಳು ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಮುಂದೆ 1536ರಲ್ಲಿ ಪಾದ್ರಿ ಪದವಿ ಬಿಟ್ಟು ಈ ಚದುರಿದ ಜನರನ್ನು ಕಾಯಲು ಬಂದ ನೆದರ್ಲೆಂಡ್ಸಿನ ಮೆನ್ನೊ ಸಿಮನ್ಸ್ ಅವರ ಹೆಸರೇ ಸಭೆಗೆ ಉಳಿಯಿತು.

ಇಂದು ಈ ಪರಂಪರೆಯ ದೀಕ್ಷಾಸ್ನಾನ ಪಡೆದ ಸದಸ್ಯರು 20 ಲಕ್ಷಕ್ಕೂ ಹೆಚ್ಚು. 80ಕ್ಕೂ ಹೆಚ್ಚು ದೇಶಗಳಲ್ಲಿ ಅವರಿದ್ದಾರೆ. ಎಳೆಯ ಮಕ್ಕಳಿಗೆ ದೀಕ್ಷಾಸ್ನಾನ ಕೊಡದ ಸಭೆಗಳಾದ್ದರಿಂದ ಈ ಲೆಕ್ಕದಲ್ಲಿ ಮಕ್ಕಳು ಸೇರಿಲ್ಲ. ಭಾನುವಾರ ಚಾಪೆಯ ಮೇಲೆ ಕೂರುವವರ ಸಂಖ್ಯೆ ಇನ್ನೂ ದೊಡ್ಡದು. ಅವರಲ್ಲಿ ಬಹುಪಾಲು ಜನ ಆಫ್ರಿಕಾ, ಏಷ್ಯಾ ಮತ್ತು ಲ್ಯಾಟಿನ್ ಅಮೆರಿಕದವರು. ಇವರ ಸಭೆಗಳಲ್ಲಿ ಅನೇಕವನ್ನು ಒಟ್ಟಿಗೆ ತರುವ ಮೆನ್ನೊನೈಟ್ ವರ್ಲ್ಡ್ ಕಾನ್ಫರೆನ್ಸ್ 1925ರಲ್ಲಿ ಬಾಸೆಲ್‌ನಲ್ಲಿ ಮೊದಲು ಸೇರಿತು. ಬಾಸೆಲ್ ಎಂದೊಡನೆ ಮಂಗಳೂರು, ಧಾರವಾಡದ ಹಳೆಯ ಸಭೆಗಳವರಿಗೆ ಬಾಸೆಲ್ ಮಿಷನ್ ನೆನಪಾಗುತ್ತದೆ. 1834ರಲ್ಲಿ ಮಂಗಳೂರಿಗೆ ಮಿಷನರಿಗಳನ್ನು ಕಳಿಸಿದ ಊರೇ ಅದು. ಸಭೆಗಳು ಬೇರೆ, ಊರು ಒಂದೇ.

ಎರಡನೆಯ ಹೆಜ್ಜೆ: ತಿಂಗಳಿಗೆ ಒಂದೇ ದೇಶ, ಅದಕ್ಕೊಂದು ಪುಟ

ಎಲ್ಲ ದೇಶಗಳನ್ನೂ ಒಟ್ಟಿಗೆ ಹಿಡಿಯಲು ಹೋದರೆ ಮತ್ತೆ ಆ ಹಳೆಯ ಒಂದು ವಾಕ್ಯಕ್ಕೇ ಬಂದು ನಿಲ್ಲುತ್ತೇವೆ. ಆದ್ದರಿಂದ ಇನ್ನೂರು ಪುಟದ ಒಂದು ಸಾಧಾರಣ ನೋಟ್‌ಬುಕ್ ತಂದು, ತಿಂಗಳಿಗೊಂದು ದೇಶದಂತೆ ಹನ್ನೆರಡು ದೇಶಗಳನ್ನು ಆರಿಸಿಕೊಳ್ಳಿ. ಎಡಪುಟದ ಮೇಲ್ಭಾಗದಲ್ಲಿ ದೇಶದ ಹೆಸರು, ಸಭೆ ಇರುವ ಎರಡು ಮೂರು ಊರುಗಳ ಹೆಸರು, ಅಲ್ಲಿ ಆಡುವ ಭಾಷೆ ಇರಲಿ. ಕೆಳಗೆ ಒಂದು ಸ್ತೋತ್ರದ ಕಾರಣ, ಒಂದು ಕೊರತೆ. ಬಲಪುಟವನ್ನು ಖಾಲಿ ಬಿಡಿ; ಅದು ತಾರೀಖು ಹಾಕಿ ಮುಂದೆ ಬಂದ ಸುದ್ದಿಯನ್ನು ಬರೆಯುವುದಕ್ಕೆ. ಸ್ತೋತ್ರದ ಕಾರಣವನ್ನು ಕೊರತೆಗಿಂತ ಮೊದಲು ಬರೆಯಬೇಕೆಂದು ನಾನು ಹಟ ಹಿಡಿಯುತ್ತೇನೆ. ಇಲ್ಲದಿದ್ದರೆ ದೂರದ ಸಭೆ ನಮ್ಮ ಕಣ್ಣಿಗೆ ಕೈಚಾಚಿದ ಬಡವನಂತೆ ಕಾಣತೊಡಗುತ್ತದೆ, ನಮ್ಮ ಪ್ರಾರ್ಥನೆ ಭಿಕ್ಷೆಯ ಧಾಟಿ ಹಿಡಿಯುತ್ತದೆ.

ಸುದ್ದಿಗೆ ಮೆನ್ನೊನೈಟ್ ವರ್ಲ್ಡ್ ಕಾನ್ಫರೆನ್ಸ್ ತನ್ನ ಜಾಲತಾಣದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್ ಭಾಷೆಗಳಲ್ಲಿ ಪ್ರಕಟಿಸುವ ಪ್ರಾರ್ಥನಾ ವಿಜ್ಞಾಪನೆಗಳನ್ನು ನೋಡಬಹುದು. ಕೂಟದಲ್ಲಿ ಇಂಗ್ಲಿಷ್ ಬಲ್ಲ ಯೌವನಸ್ಥರೊಬ್ಬರಿಗೆ ಅದನ್ನು ಕನ್ನಡಕ್ಕೆ ತರುವ ಕೆಲಸ ಒಪ್ಪಿಸಿ. ಅನುವಾದ ಮಾಡಿದವರಿಗೆ ಆ ವಿಜ್ಞಾಪನೆ ವರ್ಷಗಟ್ಟಲೆ ಮರೆಯುವುದಿಲ್ಲ. ವಾಟ್ಸ್‌ಆಪ್‌ನಲ್ಲಿ ಹರಿದಾಡುವ “ಇಂಥ ದೇಶದಲ್ಲಿ ಇಷ್ಟು ಜನರನ್ನು ಇಂದು ಸಂಜೆ ಕೊಲ್ಲಲಿದ್ದಾರೆ, ಕೂಡಲೇ ಹತ್ತು ಜನರಿಗೆ ಕಳಿಸಿ” ಎಂಬ ಬಗೆಯ ಸಂದೇಶಗಳನ್ನು ಮಾತ್ರ ನೋಟ್‌ಬುಕ್ಕಿಗೆ ಸೇರಿಸಬೇಡಿ. ಅವುಗಳಲ್ಲಿ ಕೆಲವು ಹತ್ತು ವರ್ಷ ಹಳೆಯವು, ಕೆಲವು ಎಂದೂ ನಡೆಯದವು. ಮತ್ತೊಂದು ಎಚ್ಚರಿಕೆಯೂ ಉಂಟು. ಹಿಂಸೆ ಇರುವ ದೇಶದ ವಿಶ್ವಾಸಿಯ ಹೆಸರು, ಫೋಟೊ, ಕೂಟ ಸೇರುವ ಮನೆ ನಿಮಗೆ ಹೇಗೋ ತಿಳಿದರೂ ಅದನ್ನು ಗುಂಪಿಗೆ ಕಳಿಸಬಾರದು. “ಒಬ್ಬ ಸಹೋದರಿ” ಎಂದರೆ ಸಾಕು. ಪ್ರಾರ್ಥನೆಗೆಂದು ಹಂಚಿದ ಹೆಸರು ಯಾರ ಕೈಗೆ ಹೋಗಿ ಬೀಳುತ್ತದೆ ಎಂಬುದು ಹಂಚಿದವರ ಕೈಯಲ್ಲಿ ಇರುವುದಿಲ್ಲ.

ಮೂರನೆಯ ಹೆಜ್ಜೆ: ಒಂದು ಪುಟವನ್ನು ಚೆನ್ನಾಗಿ ತುಂಬಿ ನೋಡಿ

ಮೊದಲ ತಿಂಗಳಿಗೆ ಇಥಿಯೋಪಿಯಾವನ್ನು ಇಟ್ಟುಕೊಳ್ಳಿ ಎಂದು ಹೇಳುತ್ತೇನೆ. ಅಲ್ಲಿನ ಮೆಸೆರೆಟೆ ಕ್ರಿಸ್ಟೋಸ್ ಸಭೆ ಈ ಪರಂಪರೆಯಲ್ಲೇ ಅತಿ ದೊಡ್ಡ ರಾಷ್ಟ್ರೀಯ ಸಭೆ. ಹೆಸರಿನ ಅರ್ಥ ‘ಕ್ರಿಸ್ತನೇ ಅಸ್ತಿವಾರ’. 1 ಕೊರಿಂಥ 3:11ರಿಂದ ಬಂದದ್ದು, ಮೆನ್ನೊ ಸಿಮನ್ಸ್ ತಮ್ಮ ಬರಹಗಳ ಮೇಲೆಲ್ಲ ಹಾಕುತ್ತಿದ್ದ ವಚನವೂ ಅದೇ. 1982ರಲ್ಲಿ ದೆರ್ಗ್ ಎಂಬ ಸೈನಿಕ ಸರ್ಕಾರ ಈ ಸಭೆಯನ್ನು ಮುಚ್ಚಿಸಿತು, ಕಟ್ಟಡಗಳನ್ನು ವಶಪಡಿಸಿಕೊಂಡಿತು, ಮುಖಂಡರನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿತು. ಆಗ ಸದಸ್ಯರು ಸುಮಾರು 5,000. ಅವರು ಮನೆಮನೆಗಳಲ್ಲಿ ನಾಲ್ಕೈದು ಜನರಂತೆ ಸದ್ದಿಲ್ಲದೆ ಸೇರತೊಡಗಿದರು. 1991ರಲ್ಲಿ ಸರ್ಕಾರ ಬಿದ್ದು ಬಾಗಿಲು ತೆರೆದಾಗ ನೋಡಿದರೆ ಸದಸ್ಯರು ಹಲವು ಪಟ್ಟು ಹೆಚ್ಚಿದ್ದರು.

ಇದು ಪುಟದ ಮೇಲ್ಭಾಗಕ್ಕೆ. ಕೆಳಭಾಗಕ್ಕೆ 2020ರ ನವೆಂಬರಿನಿಂದ 2022ರ ನವೆಂಬರಿನವರೆಗೆ ನಡೆದ ಟಿಗ್ರೇ ಯುದ್ಧ ಮತ್ತು ಆ ಬಳಿಕವೂ ಅಮ್ಹಾರಾ, ಒರೊಮಿಯಾ ಪ್ರಾಂತಗಳಲ್ಲಿ ತಣ್ಣಗಾಗದ ಕಾದಾಟ. ಸಭೆಯಲ್ಲಿ ಬೇರೆ ಬೇರೆ ಜನಾಂಗಗಳವರು ಇರುವುದರಿಂದ, ಹೊರಗೆ ಜನಾಂಗ ಜನಾಂಗಕ್ಕೆ ಹತ್ತಿದ ಬೆಂಕಿ ಒಂದೇ ಬೆಂಚಿನಲ್ಲಿ ಕೂತವರ ನಡುವೆಯೂ ಹೊಗೆಯಾಡಬಲ್ಲದು. ಹಾಗಾದರೆ ಬೇಡುವುದೇನು? “ಇಥಿಯೋಪಿಯಾಕ್ಕೆ ಶಾಂತಿ ಕೊಡು” ಎಂಬುದಕ್ಕಿಂತ ಒಂದು ಹೆಜ್ಜೆ ಹತ್ತಿರ ಹೋಗಿ ಬೇಡಿ: ಅಕ್ಕಪಕ್ಕದಲ್ಲಿ ಕೂತು ಕರ್ತನ ಭೋಜನ ಪಡೆಯುವ ಇಬ್ಬರು, ತಂತಮ್ಮ ಬಂಧುಗಳನ್ನು ಎದುರು ಪಕ್ಷದವರು ಕೊಂದ ಸುದ್ದಿ ಬಂದ ವಾರವೂ ಅಲ್ಲೇ ಕೂರುವ ಶಕ್ತಿ ಪಡೆಯಲಿ ಎಂದು ಬೇಡಿ. ಸೆರೆಮನೆಗಳ ಒಳಗೆ ಈ ಸಭೆ ನಡೆಸುವ ಸಮಾಧಾನದ ಸೇವೆಗಾಗಿ ಬೇಡಿ. ಒಂದು ಕಾಲದಲ್ಲಿ ಕೈದಿಗಳಾಗಿದ್ದವರ ಸಭೆ ಅದು. ವೇಗವಾಗಿ ಬೆಳೆದ ಸಭೆಗೆ ಸಾಕಷ್ಟು ಬೋಧಕರು ಬೇಕು, ಆದ್ದರಿಂದ ಬಿಶೋಫ್ತು ಊರಿನಲ್ಲಿರುವ ಅವರ ಸೆಮಿನರಿಯನ್ನೂ ನೆನೆಯಿರಿ. 2028ರ ಮೆನ್ನೊನೈಟ್ ಮಹಾಸಭೆ ಇಥಿಯೋಪಿಯಾದಲ್ಲಿ ಎಂದು ನಿಶ್ಚಯವಾಗಿರುವುದರಿಂದ ಅದರ ಸಿದ್ಧತೆಯನ್ನು ಬಲಪುಟದಲ್ಲಿ ಈಗಲೇ ಗುರುತು ಹಾಕಿಕೊಳ್ಳಬಹುದು.

ಇದೇ ರೀತಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಪುಟ. ರಾಜಧಾನಿ ಕಿನ್ಶಾಸಾ ಇರುವ ದೇಶ ಇದು. ನದಿಯ ಆಚೆ ಕಾಂಗೊ ಎಂಬ ಹೆಸರಿನದೇ ಇನ್ನೊಂದು ದೇಶವಿದೆ, ಗೊಂದಲ ಬೇಡ. ಇಲ್ಲಿ ಮೂರು ಮೆನ್ನೊನೈಟ್ ಸಭಾ ಮಂಡಲಿಗಳಿವೆ. ಕಸಾಯ್ ಪ್ರಾಂತದ ಸಭೆಗಳ ಬೇರು 1912ರವರೆಗೆ ಹೋಗುತ್ತದೆ. 2016–17ರಲ್ಲಿ ಅದೇ ಕಸಾಯ್‌ನಲ್ಲಿ ಹೊತ್ತಿಕೊಂಡ ಹಿಂಸೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಿದರು. ಮೆನ್ನೊನೈಟ್ ಕುಟುಂಬಗಳೂ ಓಡಿದವು, ಓಡಿಬಂದವರಿಗೆ ಅಂಗಳ ಬಿಟ್ಟುಕೊಟ್ಟವೂ ಮೆನ್ನೊನೈಟ್ ಕುಟುಂಬಗಳೇ. ವಜ್ರ ಸಿಗುವ ಈ ನೆಲದಲ್ಲಿ ಅನೇಕ ಸಭಾಪಾಲಕರು ಮರಗೆಣಸು, ಮೆಕ್ಕೆಜೋಳ ಬೆಳೆದು ಮನೆ ನಡೆಸುತ್ತಾರೆ. ಸುಗ್ಗಿ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ ಹರಾಜು ಹಾಕಿ ಸಭಾಖರ್ಚು ತೂಗಿಸಿದ ನಮ್ಮ ಹಳ್ಳಿಸಭೆಗಳವರಿಗೆ ಈ ಕೊರತೆಯನ್ನು ಯಾರೂ ವಿವರಿಸಬೇಕಾಗಿಲ್ಲ.

ನಾಲ್ಕನೆಯ ಹೆಜ್ಜೆ: ಶತ್ರುವಿನ ಬಗ್ಗೆ ಏನು ಬೇಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ

ಮೆನ್ನೊನೈಟರಿಗಾಗಿ ಪ್ರಾರ್ಥಿಸುವುದರಲ್ಲಿ ಕಷ್ಟದ ಜಾಗ ಇದು. ನಮ್ಮ ಕೂಟಗಳಲ್ಲಿ ಹಿಂಸೆಗೊಳಗಾದ ಸಭೆಯ ಸುದ್ದಿ ಬಂದಾಗ ಯಾರಾದರೊಬ್ಬರ ಬಾಯಿಂದ “ವೈರಿಗಳನ್ನು ಸಂಹರಿಸು, ನಿನ್ನ ಬೆಂಕಿ ಇಳಿಯಲಿ” ಎಂಬ ಮಾತು ಬಂದೇ ಬರುತ್ತದೆ. ಕೀರ್ತನೆಗಳಲ್ಲಿ ಅದಕ್ಕೆ ಆಧಾರವೂ ಸಿಗುತ್ತದೆ. ಆದರೆ ಯಾರಿಗಾಗಿ ಬೇಡುತ್ತೇವೋ ಆ ಸಭೆಗಳೇ, ವೈರಿಗಳನ್ನು ಪ್ರೀತಿಸಿರಿ ಎನ್ನುವ ಮತ್ತಾಯ 5:44ನ್ನು ಅಕ್ಷರಶಃ ತೆಗೆದುಕೊಂಡು, ಕತ್ತಿ ಹಿಡಿಯುವುದಿಲ್ಲ ಎಂದು ನಿಂತವು. ಅವರ ಪರವಾಗಿ ನಾವು ಅವರು ಬೇಡದ್ದನ್ನು ಬೇಡುವುದು ಸರಿಯಲ್ಲ.

1569ರಲ್ಲಿ ನೆದರ್ಲೆಂಡ್ಸಿನ ಆಸ್ಪೆರೆನ್ ಎಂಬ ಊರಿನಲ್ಲಿ ಇದೇ ವಿಶ್ವಾಸದ ಡಿರ್ಕ್ ವಿಲೆಮ್ಸ್ ಎಂಬಾತ ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದ. ಬೆನ್ನಟ್ಟಿ ಬಂದವನ ಕಾಲ ಕೆಳಗೆ ಹಿಮ ಒಡೆಯಿತು. ಡಿರ್ಕ್ ಹಿಂದಿರುಗಿ ಬಂದು ಮುಳುಗುತ್ತಿದ್ದವನನ್ನು ಕೈಹಿಡಿದು ಎಳೆದು ದಡಕ್ಕೆ ಹಾಕಿದ. ಅದರಿಂದಲೇ ಮತ್ತೆ ಸೆರೆ ಸಿಕ್ಕಿದ, ಸುಡಲ್ಪಟ್ಟ. ಈ ಸಂಗತಿಯನ್ನು ಕೂಟದಲ್ಲಿ ಒಮ್ಮೆ ಓದಿ ಹೇಳಿ, ಎರಡು ನಿಮಿಷ ಸುಮ್ಮನಿರಿ. ಆಮೇಲೆ ಪ್ರಾರ್ಥಿಸುವವರ ಬಾಯಿಗೆ ಬೆಂಕಿಯ ಮಾತು ಬರುವುದು ಕಷ್ಟ.

ಹಾಗೆಂದು ಇದನ್ನು ಹಗುರವಾಗಿ ಬೇಡಲೂ ಬಾರದು. ಉಕ್ರೇನಿನ ಚರಿತ್ರೆ ನೋಡಿ. ಇಂದಿನ ಜಾಪೊರಿಜ್ಜಿಯಾ ಇರುವೆಡೆ 1789ರಲ್ಲಿ ಖೋರ್ತಿತ್ಸಾ, ಅದರ ಆಗ್ನೇಯಕ್ಕೆ 1804ರಲ್ಲಿ ಮೊಲೊಚ್ನಾ ಎಂಬ ಮೆನ್ನೊನೈಟ್ ನೆಲೆಗಳು ಹುಟ್ಟಿದವು. 1917ರ ರಷ್ಯಾ ಕ್ರಾಂತಿಯ ನಂತರದ ಅರಾಜಕತೆಯಲ್ಲಿ, ಊರಿಗೆ ಊರೇ ಲೂಟಿಯಾಗುತ್ತಿದ್ದಾಗ, ಅಲ್ಲಿನ ಕೆಲವು ಯುವಕರು ಬಂದೂಕು ಹಿಡಿದು ಕಾವಲುಪಡೆ ಕಟ್ಟಿದರು. ಅದು ಸರಿಯೇ ತಪ್ಪೇ ಎಂದು ಅವರ ಮೊಮ್ಮಕ್ಕಳು ಇಂದಿಗೂ ವಾದಿಸುತ್ತಾರೆ. ಆ ಬಳಿಕ ಬಂದ ಕ್ಷಾಮಕ್ಕೆ ನೆರವು ಕಳಿಸಲು 1920ರಲ್ಲಿ ಅಮೆರಿಕದ ಮೆನ್ನೊನೈಟರು ಕಟ್ಟಿದ್ದೇ ಮೆನ್ನೊನೈಟ್ ಸೆಂಟ್ರಲ್ ಕಮಿಟಿ. ಹಳೆಯ ಮೊಲೊಚ್ನಾ ನೆಲೆಯ ಮೊಲೊಚಾನ್ಸ್ಕ್ ಪಟ್ಟಣ 2022ರಿಂದ ರಷ್ಯಾ ಸೇನೆಯ ವಶದಲ್ಲಿದೆ. ಆ ದೇಶದ ಚಿಕ್ಕ ಮೆನ್ನೊನೈಟ್ ಸಭೆಗಳಲ್ಲಿ ಮಗನನ್ನು ಸೈನ್ಯಕ್ಕೆ ಕಳಿಸಿದ ತಾಯಿಯೂ, ಆಯುಧ ಹಿಡಿಯಲಾರೆ ಎನ್ನುವ ಹುಡುಗನೂ ಒಂದೇ ಪ್ರಾರ್ಥನೆಯಲ್ಲಿ ತಲೆಬಾಗಿಸಬೇಕಾಗಿ ಬಂದರೆ, ಇಲ್ಲಿ ಫ್ಯಾನಿನ ಕೆಳಗೆ ಕೂತ ನಾವು ಅವರಲ್ಲಿ ಯಾರಿಗೂ ತೀರ್ಪು ಹೇಳುವ ಪ್ರಾರ್ಥನೆ ಮಾಡಬಾರದು. ಇಬ್ಬರನ್ನೂ ಒಟ್ಟಿಗೇ ಹೆಸರಿಸಿ.

ಮ್ಯಾನ್ಮಾರ್‌ನ ಪುಟದಲ್ಲಿ 2021ರ ಫೆಬ್ರವರಿಯ ಸೈನಿಕ ದಂಗೆಯನ್ನೂ, 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಡ್ಡಾಯ ಸೈನ್ಯಸೇವೆಯನ್ನೂ ಬರೆಯಿರಿ. ಹದಿನೆಂಟು ತುಂಬಿದ ಹುಡುಗರಿರುವ ಮನೆಗಳಿಗಾಗಿ ಬೇಡಿ. ದಕ್ಷಿಣ ಕೊರಿಯಾದ ಪುಟ ಬೇರೆ ಬಗೆಯದು. ಅಲ್ಲಿ ಆಯುಧ ನಿರಾಕರಿಸಿದವರು ದಶಕಗಳ ಕಾಲ ನೇರವಾಗಿ ಜೈಲಿಗೆ ಹೋಗುತ್ತಿದ್ದರು. 2018ರ ಸಂವಿಧಾನ ನ್ಯಾಯಾಲಯದ ತೀರ್ಪಿನ ಬಳಿಕ 2020ರಿಂದ ಪರ್ಯಾಯ ಸೇವೆ ಸಿಕ್ಕಿತು. ಆ ಸೇವೆಯೂ 36 ತಿಂಗಳು, ಅದೂ ಜೈಲಿನ ಆವರಣದೊಳಗೇ. ಸ್ತೋತ್ರವೂ ಕೊರತೆಯೂ ಒಂದೇ ವಾಕ್ಯದಲ್ಲಿ ಬರುವ ಅಪರೂಪದ ಪುಟ ಇದು.

ಐದನೆಯ ಹೆಜ್ಜೆ: ಅನುಕೂಲಸ್ಥ ಸಭೆಗಳನ್ನು ಬಿಡಬೇಡಿ

ನೆದರ್ಲೆಂಡ್ಸ್, ಜರ್ಮನಿಯ ಹಳೆಯ ಸಭೆಗಳಲ್ಲಿ ತಲೆ ನರೆತವರೇ ಹೆಚ್ಚು. ನೂರಾರು ವರ್ಷದ ಕಟ್ಟಡವಿದೆ, ಭಾನುವಾರ ಶಾಲೆಗೆ ಮಕ್ಕಳಿಲ್ಲ. ಅಮೆರಿಕದಲ್ಲಿ ಲ್ಯಾಂಕಾಸ್ಟರ್‌ನಂಥ ದೊಡ್ಡ ಪ್ರಾಂತೀಯ ಮಂಡಲಿಯೇ ರಾಷ್ಟ್ರೀಯ ಸಭೆಯಿಂದ ಹೊರಬಂದಿದೆ. ಪರಾಗ್ವೆಯ ಚಾಕೊ ಬಯಲಿನಲ್ಲಿ 1927ರಿಂದ ನೆಲೆಸಿದ ಮೆನ್ನೊನೈಟರು ಹೈನುಗಾರಿಕೆಯಿಂದ ಸಿರಿವಂತರಾಗಿದ್ದಾರೆ; ಅದೇ ನೆಲದ ಮೂಲನಿವಾಸಿ ಎನ್ಲೆಟ್, ನಿವಾಕ್ಲೆ ಜನರಲ್ಲೂ ಮೆನ್ನೊನೈಟ್ ಸಭೆಗಳಿವೆ. ಭೂಮಿ ಯಾರದು, ಕೂಲಿ ಎಷ್ಟು, ಕಾಡು ಎಲ್ಲಿ ಹೋಯಿತು ಎಂಬ ಪ್ರಶ್ನೆ ಒಂದೇ ಸಭಾಕುಟುಂಬದ ಒಳಗೇ ಇದೆ. ಇಂಥ ಕಡೆ ಬೇಡಬೇಕಾದದ್ದು ಕರುಣೆಯನ್ನಲ್ಲ, ನ್ಯಾಯವನ್ನು. ಜಮೀನ್ದಾರರೂ ಕೂಲಿಯವರೂ ಒಂದೇ ಸಭೆಯಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂತ ಊರುಗಳು ನಮಗೂ ಗೊತ್ತಿಲ್ಲದವೇನಲ್ಲ.

ಆರನೆಯ ಹೆಜ್ಜೆ: ಗಡಿಯಾಚೆಗೆ ನೋಡಿ

ಭಾರತದ ಪುಟವನ್ನು ಉದ್ದೇಶಪೂರ್ವಕವಾಗಿ ತಡವಾಗಿ ಇಟ್ಟಿದ್ದೇನೆ. ಹತ್ತಿರದ್ದನ್ನು ನಾವು ಗೊತ್ತಿದೆ ಎಂದುಕೊಂಡು ದಾಟಿಬಿಡುತ್ತೇವೆ. ಛತ್ತೀಸಗಢದ ಧಮ್ತರಿಯಲ್ಲಿ 1899ರ ಕ್ಷಾಮದ ಹೊತ್ತಿಗೆ ಶುರುವಾದ ಸಭೆ, ಚಾಂಪಾ ಕಡೆಯ ಸಭೆಗಳು, ಬಿಹಾರ ಮತ್ತು ಒಡಿಶಾದಲ್ಲಿ ಇದೇ ಪರಂಪರೆಯ ಬ್ರೆದ್ರನ್ ಇನ್ ಕ್ರೈಸ್ಟ್ ಸಭೆಗಳು ಇವೆ. 1997ರ ಜಾಗತಿಕ ಮಹಾಸಭೆ ನಡೆದದ್ದೂ ಕೋಲ್ಕತ್ತದಲ್ಲೇ. ಆದರೆ ಕನ್ನಡಿಗರಿಗೆ ಎಲ್ಲಕ್ಕಿಂತ ಹತ್ತಿರದವು ತೆಲಂಗಾಣದ ಮೆನ್ನೊನೈಟ್ ಬ್ರೆದ್ರನ್ ಸಭೆಗಳು. ಹಳೆಯ ಮಹಬೂಬನಗರ ಜಿಲ್ಲೆಯ ಗದ್ವಾಲ, ನಾರಾಯಣಪೇಟೆ ಕಡೆ ಇವು ಬೇರೂರಿವೆ. ರಾಯಚೂರು, ಯಾದಗಿರಿಯ ಗಡಿ ದಾಟಿದರೆ ಸಿಗುವ ಊರುಗಳು. ರಾಯಚೂರಿನಿಂದ ಗದ್ವಾಲಕ್ಕೆ ರೈಲೇ ಇದೆ. ಇಂದಿನ ಉಕ್ರೇನಿನ ಸಭೆಗಳು 1889ರಲ್ಲಿ ಒಂದು ದಂಪತಿಯನ್ನು ನಲ್ಗೊಂಡಕ್ಕೆ ಕಳಿಸಿದ್ದು ತೆಲುಗು ನಾಡಿನ ಈ ಕಥೆಯ ಆರಂಭ. ಉಕ್ರೇನಿನ ಆ ಹಳ್ಳಿಗಳಲ್ಲಿ ಕುಳಿತು ತೆಲುಗರಿಗಾಗಿ ಪ್ರಾರ್ಥಿಸಿದವರ ನೆಲಕ್ಕಾಗಿಯೇ ಈಗ ಇಲ್ಲಿಂದ ಪ್ರಾರ್ಥನೆ ಹೋಗುತ್ತಿದೆ.

ಮಹಬೂಬನಗರದ ಹಳೆಯ ಹೆಸರು ಪಾಲಮೂರು. ಮಳೆ ಕೈಕೊಟ್ಟ ವರ್ಷ ಪಾಲಮೂರಿನ ಕೂಲಿಯವರು ಕಾಲುವೆ, ಅಣೆಕಟ್ಟು, ಕಟ್ಟಡದ ಕೆಲಸಕ್ಕೆ ಹೊರಟುಹೋಗುವುದು ಮೂರು ತಲೆಮಾರಿನ ಕಥೆ. ಈ ಪುಟದಲ್ಲಿ ವಲಸೆ ಹೋದ ಕುಟುಂಬಗಳು, ಊರಲ್ಲಿ ಅಜ್ಜಿಯ ಬಳಿ ಉಳಿದ ಮಕ್ಕಳು, ಅವರ ಶಾಲೆ ಇವನ್ನು ಬರೆಯಿರಿ. ನಿಮ್ಮ ಬಡಾವಣೆಯಲ್ಲಿ ಏಳುತ್ತಿರುವ ಕಟ್ಟಡದ ತಗಡಿನ ಶೆಡ್ಡಿನಲ್ಲಿ ತೆಲುಗಿನ ಹಾಡು ಕೇಳಿದರೆ ಒಮ್ಮೆ ಹೋಗಿ ಊರು ಯಾವುದೆಂದು ವಿಚಾರಿಸಿ. ಪುಟಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಯಾವ ಜಾಲತಾಣದಲ್ಲೂ ಸಿಗದು.

ಏಳನೆಯ ಹೆಜ್ಜೆ: ಕೂಟದಲ್ಲಿ ನಡೆಸುವ ಬಗೆ

ವಾರಕ್ಕೊಮ್ಮೆ ಹನ್ನೆರಡು ನಿಮಿಷ ಸಾಕು. ಮೂರು ನಿಮಿಷ ಪುಟವನ್ನು ಓದುವುದು. ಊರ ಹೆಸರುಗಳನ್ನು ಮೊದಲೇ ಹೇಳಿ ನೋಡಿಕೊಂಡಿರಬೇಕು, ತಡವರಿಸಿದರೆ ಹುಡುಗರು ನಗುತ್ತಾರೆ, ಓದುವವರೂ ನಗುತ್ತಾರೆ. ಎರಡು ನಿಮಿಷ ಮೌನ. ಉಳಿದ ಹೊತ್ತು ಇಬ್ಬರು ಅಥವಾ ಮೂವರ ಚಿಕ್ಕ ಪ್ರಾರ್ಥನೆ. ಪ್ರಾರ್ಥನೆಯ ನೆಪದಲ್ಲಿ ಪ್ರಸಂಗ ಮಾಡುವವರಿಗೆ ಓದುವ ಕೆಲಸ ಕೊಟ್ಟುಬಿಡಿ, ಉಪಾಯ ಫಲಿಸುತ್ತದೆ. ಮಾತು ಹುಡುಕಾಡುವವರಿಗೆ ಈ ಮಾದರಿ ಸಹಾಯವಾದೀತು:

“ಕರ್ತನೇ, ಬುರ್ಕಿನಾ ಫಾಸೊ ದೇಶದ ಒರೊಡಾರಾ ಊರಿನ ಚಿಕ್ಕ ಸಭೆಗಾಗಿ ಸ್ತೋತ್ರ. ದಾರಿಯಲ್ಲಿ ಭಯವಿರುವ ಆ ದೇಶದಲ್ಲಿ ಅವರು ಇಂದೂ ಸೇರಿ ಹಾಡುತ್ತಾರೆ. ಸಂಜೆಯ ಕೂಟದಿಂದ ಮನೆಗೆ ಹೋಗುವವರನ್ನು ಕಾಪಾಡು. ಭಯ ಹುಟ್ಟಿಸುವ ಹುಡುಗರಿಗೂ ತಾಯಂದಿರಿದ್ದಾರೆ. ಅವರನ್ನು ಮನೆಗೆ ತಿರುಗಿಸು. ಆಮೆನ್.”

ಎರಡು ಸಂದರ್ಭಗಳನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಕೊಳ್ಳಿ. ಒಂದು, ಜನವರಿ 21ಕ್ಕೆ ಹತ್ತಿರದ ಭಾನುವಾರ. ಅದನ್ನು ಜಗತ್ತಿನ ಮೆನ್ನೊನೈಟ್ ಸಭೆಗಳು ಸಹೋದರತ್ವದ ಭಾನುವಾರವಾಗಿ ಆಚರಿಸುತ್ತವೆ. ಅಂದು ಪ್ರತಿಯೊಬ್ಬ ಸದಸ್ಯರೂ ತಮ್ಮ ಊರಿನಲ್ಲಿ ಒಂದು ಮಧ್ಯಾಹ್ನದ ಊಟಕ್ಕೆ ಆಗುವಷ್ಟು ಹಣವನ್ನು ಕಾಣಿಕೆಯಾಗಿ ಕೊಡಿ ಎಂಬುದು ಅವರ ಕೋರಿಕೆ. ಕಿನ್ಶಾಸಾದವರ ಊಟದ ಬೆಲೆ, ಕೆನಡಾದವರ ಊಟದ ಬೆಲೆ, ನಮ್ಮ ದರ್ಶಿನಿಯ ಊಟದ ಬೆಲೆ ಬೇರೆ ಬೇರೆಯಾದರೂ ಕಾಣಿಕೆ ಸಮಾನ. ನನಗೆ ಬಹಳ ಹಿಡಿಸಿದ ಲೆಕ್ಕ ಇದು. ಇನ್ನೊಂದು, ಅವರು ಆನ್‌ಲೈನ್‌ನಲ್ಲಿ ನಡೆಸುವ ಪ್ರಾರ್ಥನಾ ಗಂಟೆ. ಪ್ರಕಟಣೆಯಲ್ಲಿ ಯುಟಿಸಿ ಎಂಬ ಜಾಗತಿಕ ಸಮಯವಿದ್ದರೆ ಐದೂವರೆ ಗಂಟೆ ಸೇರಿಸಿ. 14:00 ಎಂದರೆ ನಮಗೆ ಸಂಜೆ 7:30.

ಮೂರು ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ತಿರುವಿ, ಬಲಪುಟಕ್ಕೆ ಸುದ್ದಿ ಹುಡುಕಿ ತುಂಬಿ. ಕೆಲವು ಪುಟಗಳು ಖಾಲಿಯೇ ಉಳಿಯುತ್ತವೆ, ಅವನ್ನು ಹಾಗೇ ಬಿಡಿ. ತಾರೀಖು ಮಾತ್ರ ಹಾಕಿ. ಹನ್ನೆರಡನೆಯ ತಿಂಗಳು ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನಿಮ್ಮದೇ ಸಭೆಯ ಪುಟವನ್ನು ಅದೇ ಕ್ರಮದಲ್ಲಿ ಬರೆಯಿರಿ: ಊರು, ಭಾಷೆ, ಒಂದು ಸ್ತೋತ್ರದ ಕಾರಣ, ಒಂದು ಕೊರತೆ. ಮೂರೇ ವಾಕ್ಯಗಳಲ್ಲಿ ಇಂಗ್ಲಿಷಿಗೆ ತಂದು, ವರ್ಷವಿಡೀ ನೀವು ನೆನೆದ ಸಭೆಗಳಲ್ಲಿ ಒಂದಕ್ಕೆ ಕಳಿಸಿ. ಕೊರತೆಯ ಸಾಲು ಬರೆಯುವಾಗ ಹಿರಿಯರು “ಇದನ್ನೆಲ್ಲ ಹೊರಗಿನವರಿಗೆ ಯಾಕೆ ಹೇಳಬೇಕು” ಎಂದು ತಡೆಯಬಹುದು. ಅವರ ಮುಂದೆ ಇಥಿಯೋಪಿಯಾದ ಪುಟವನ್ನು ತೆರೆದಿಟ್ಟು, ಆಮೇಲೆ ಆ ಸಾಲನ್ನು ಅವರ ಕೈಯಿಂದಲೇ ಬರೆಸಿ.